ಕೆನಡಾಕ್ಕೆ ಹೊರಟ ದೋಸೆ, ಇಲ್ಲೇ ಉಳಿದ ಸೂಡಿ

“ನಿಲ್ಲಿಸಿ! ಅದು ಪೊರಕೆಯಲ್ಲವೇ?” ಎಂದು ಮೊಬೈಲ್ ಪರದೆಯಲ್ಲಿದ್ದ ಕೆನಡಾದ ಹೆಂಗಸು ಇಂಗ್ಲಿಷಿನಲ್ಲಿ ಚೀರಿದಾಗ ನನ್ನ ಕೈಯಲ್ಲಿದ್ದ ಫೋನು ಜಾರಿಬೀಳುವುದರಲ್ಲಿತ್ತು.

ಮುಂಬಯಿಯ ಚೆಂಬೂರಿನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ, ನಮ್ಮ ಬಿಲ್ಡಿಂಗಿನ ಸದಾನಂದಣ್ಣನಿಗೆ ಕೆನಡಾದ ರೆಸ್ಟೋರೆಂಟ್ ಕೆಲಸಕ್ಕೆ ವಿಡಿಯೊ ಕಾಲ್‌ನಲ್ಲಿ ಸಂದರ್ಶನ. ತಮ್ಮ ಹೋಟೆಲಿನ ಅಡುಗೆಮನೆಯಿಂದಲೇ ದೋಸೆ ಮಾಡಿ ತೋರಿಸುವುದೇ ಪರೀಕ್ಷೆ. ಫೋನ್ ಹಿಡಿದು ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ದಾಟಿಸುವುದು ನನ್ನ ಪಾಲಿನ ಕೆಲಸ. ಅವರು ಎಂದಿನಂತೆ ಕಾದ ಕಾವಲಿಗೆ ನೀರು ಚಿಮುಕಿಸಿ, ತೆಂಗಿನಕಡ್ಡಿಯ ಸೂಡಿಯಿಂದ ಚುರ್ರೆಂದು ಗುಡಿಸಿದ್ದೇ ಈ ಚೀರಾಟಕ್ಕೆ ಕಾರಣ.

ಆಕೆಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೊಡನೆ ಸದಾನಂದಣ್ಣ ನಕ್ಕುಬಿಟ್ಟರು.

“ಛೆ, ಇದು ಕಾವಲಿಗೆ ಮಾತ್ರ ಅಂತ ಹೇಳಿ ಅಕ್ಕ. ನೆಲ ಗುಡಿಸ್ಲಿಕ್ಕೆ ಬೇರೆಯೇ ಉಂಟು. ನಿಲ್ಲಿ, ತೋರಿಸ್ತೇನೆ!”

ನಾನು ಬೇಡವೆನ್ನುವಷ್ಟರಲ್ಲಿ ಬಾಗಿಲ ಹಿಂದಿನಿಂದ ಅದನ್ನೂ ತಂದು, ಎರಡನ್ನೂ ಅಕ್ಕಪಕ್ಕ ಕ್ಯಾಮೆರಾದ ಮುಂದೆ ಹಿಡಿದರು. ಒಂದೇ ಉದ್ದ, ಒಂದೇ ಬಣ್ಣ, ಥೇಟ್ ಅವಳಿ ಮಕ್ಕಳು. ಆಕೆ ತೆರೆದ ಬಾಯಿ ಮುಚ್ಚಲಿಲ್ಲ. ಕೆಲಸ ಕೈತಪ್ಪಿತು ಎಂದುಕೊಂಡೆ. ಸದಾನಂದಣ್ಣ ಮಾತ್ರ ಏನೂ ಆಗದವರಂತೆ ಹಿಟ್ಟು ಹೊಯ್ದರು. ದೋಸೆ ಹೊಂಬಣ್ಣಕ್ಕೆ ತಿರುಗಿ ಅಂಚು ತಾನಾಗಿ ಎದ್ದಿತು. ಆಕೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

ಕೆಲಸ ಸಿಕ್ಕಿತು, ಸೂಡಿಯನ್ನು ಮುಂಬಯಿಯಲ್ಲೇ ಬಿಟ್ಟು ಬರಬೇಕೆಂಬ ಷರತ್ತಿನ ಮೇಲೆ. ಹಾಗಾಗಿ ಎರಡೂ ಸೂಡಿಗಳು ಆ ಹೋಟೆಲಿನಲ್ಲೇ ಇವೆ. ಯಾವುದು ಯಾವುದೆಂದು ಗೊತ್ತಿದ್ದವರು ಕೆನಡಾದಲ್ಲಿದ್ದಾರೆ. ನಾನು ಈಗೀಗ ಆ ಹೋಟೆಲಿಗೆ ಹೋದರೆ ಇಡ್ಲಿಯನ್ನೇ ತಿನ್ನುತ್ತೇನೆ.