ಯಾವ ಕಡೆಯ ದವಡೆ

ಕಾವ್ಯಾ, ಸುಹಾಸ, ಇದು ನಿಮ್ಮನ್ನು ಹೆದರಿಸಲು ಕಟ್ಟಿದ ಕಥೆಯಲ್ಲ. ತಾಂಬರಂನ ನಮ್ಮ ಮನೆಯಲ್ಲೇ, ನನ್ನ ಈ ಕಿವಿಯಿಂದ ಕೇಳಿದ್ದು.

ಸೌಕಾರ್‌ಪೇಟೆಯ ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗಿದ್ದವರು ಇಬ್ಬರೇ. ಲೆಕ್ಕ ಬರೆಯುತ್ತಿದ್ದ ನಿಮ್ಮ ತಾತ, ಕಾವಲುಗಾರ ಮುರುಗೇಶನ್. ಆಸ್ಪತ್ರೆಯಲ್ಲಿ ಎರಡು ಬಿಳಿ ಗಂಟುಗಳಿದ್ದವು. ಮುಖ ಉಳಿದಿರಲಿಲ್ಲ... ಹಲ್ಲು ಉಳಿದಿದ್ದವು. ಒಬ್ಬರಿಗೆ ಬಲಗಡೆ ದವಡೆ ಹಲ್ಲಿಲ್ಲ, ಇನ್ನೊಬ್ಬರಿಗೆ ಎಡಗಡೆ.

"ಅಮ್ಮಾ, ಅಪ್ಪ ಯಾವ ಕಡೆ ಹಲ್ಲು ಕೀಳಿಸಿದ್ರು? ಡಾಕ್ಟರ್ ಕೇಳ್ತಿದಾರೆ. ಯೋಚ್ನೆ ಮಾಡಿ ಹೇಳು," ಎಂದ ನಿಮ್ಮಪ್ಪ.

ನಾನು ಅವರ ಪಕ್ಕ ಕೂತು ಉಂಡವಳಲ್ಲ, ಎದುರು ನಿಂತು ಬಡಿಸಿದವಳು. "ಈ ಕಡೆ ದವಡೆ ರಿಟೈರ್ ಆಯ್ತು ಕಣೇ, ಮೆತ್ತಗಿರೋದು ಹಾಕು" ಎಂದು ಬಾಯಿ ತೆರೆದು ನಗುತ್ತಿದ್ದದ್ದು ಕಣ್ಣಿಗೆ ಬಂತು. ಬೋಳು ವಸಡು ನನ್ನ ಬಲಗೈ ಕಡೆಗೆ. ಅಷ್ಟು ಗಂಡಸರ ಮುಂದೆ ಮಾತು ಹೊರಡದೆ ನನ್ನ ಬಲಗೆನ್ನೆ ಮುಟ್ಟಿ ತೋರಿಸಿದೆ.

ಮುರುಗೇಶನ್ ಹೆಂಡತಿ ಸೆಲ್ವಿ ನನ್ನ ಕೈ ಹಿಡಿದಳು. "ನೀಂಗ ಸೊನ್ನಾ ಸರಿ, ಅಕ್ಕಾ." ನೀವು ಹೇಳಿದರೆ ಸರಿ ಎಂದು ಉಳಿದ ಗಂಟನ್ನು ಒಯ್ದಳು.

ದಹನ ಮುಗಿದ ರಾತ್ರಿ ಎಲ್ಲರೂ ಹಾಲ್‌ನಲ್ಲಿ ಮಲಗಿದ್ದರು. ನಾನು ಅಡುಗೆಮನೆಯ ಗೋಡೆಗೊರಗಿದ್ದೆ. ಸುಟ್ಟ ಬಟ್ಟೆಯ ವಾಸನೆ... ಆಮೇಲೆ ಯಾರೋ ನಿಧಾನವಾಗಿ, ಒಂದೇ ದವಡೆಯಲ್ಲಿ ಅಗಿಯುವ ಸದ್ದು. ಅವರೇ ಎಂದುಕೊಂಡೆ. ಹೆದರಿಕೆ ಆಗಲಿಲ್ಲ.

"ಬಡಿಸ್ಲಾ?" ಎಂದೆ ಮೆಲ್ಲಗೆ.

ಸದ್ದು ನಿಂತಿತು. ಬಾಗಿಲ ಬಳಿಯಿಂದ ಒಣಗಿದ ದನಿ...

"ಅಮ್ಮಾ... ಕೊಂಜಂ ತಣ್ಣಿ..."

ನೀವು ತಮಿಳಲ್ಲಿ ಉತ್ತರ ಕೊಟ್ಟರೆ ಕಿವಿ ಹಿಂಡುತ್ತಿದ್ದವರು ತಾತ. ಮನೆಯೊಳಗೆ ನೀರಿಗೆ ಎಂದೂ ತಣ್ಣಿ ಎಂದವರಲ್ಲ.

ಎದುರು ನಿಂತವಳಿಗೆ ಬಲಗಡೆ ಕಂಡದ್ದು ಅವರ ಎಡಗಡೆಯಲ್ಲವೇ...

ಲೋಟದಲ್ಲಿ ನೀರಿಟ್ಟೆ. ಬೆಳಿಗ್ಗೆ ಖಾಲಿಯಾಗಿತ್ತು. ಈಗಲೂ ಇಡುತ್ತೇನೆ, ಖಾಲಿಯಾಗುತ್ತದೆ. ಯಾರಿಗೂ ಹೇಳಿಲ್ಲ.

ಮೊನ್ನೆ ಸೆಲ್ವಿ ಫೋನ್ ಮಾಡಿದ್ದಳು. "ಅಕ್ಕಾ, ಬಾಯಾರಿಕೆನ್ನಾ ಎನ್ನ ಅರ್ಥಂ?" ಬಾಯಾರಿಕೆ ಎಂದರೆ ಏನರ್ಥ ಎಂದು ಕೇಳಿದಳು. ರಾತ್ರಿ ಅವಳ ಬಾಗಿಲಲ್ಲಿ ಯಾರೋ ಅದೊಂದೇ ಮಾತು ಹೇಳುತ್ತಾರಂತೆ...

ಗೊತ್ತಿಲ್ಲ ಎಂದುಬಿಟ್ಟೆ, ಮಕ್ಕಳೇ.

ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ನಾನು ಹೋದ ಮೇಲೆ ನೀವೇ ಸೆಲ್ವಿಗೆ ಅರ್ಥ ಹೇಳಿ, ಒಂದು ಲೋಟ ನೀರಿಡಲು ಹೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ.