ಮೊಮ್ಮಗಳ ಹನ್ನೆರಡು ಕಲ್ಲುಗಳು

ನಮ್ಮ ಮಂಜುಳ ಡಾಕ್ಟರ್ ಆದಳು. ಕಲ್ಲಿನ ಡಾಕ್ಟರ್, ಬಂಡೆಗಳ ಮೇಲೆ ಪಿಎಚ್‌ಡಿ. ನಿನ್ನೆ ಮಧ್ಯಾಹ್ನ ಬಂದವಳೇ ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಕಾಲಿಗೆ ಬಿದ್ದಳು. ಆಗಿನಿಂದ ಬನಶಂಕರಿಯ ನಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗೆ ಎರಡು ಸಲ. ಈಗ ನಿಮಗೆ.

ನಾನು ಓದಿದ್ದು ಮೂರನೇ ಕ್ಲಾಸು. ಜಯನಗರದಲ್ಲಿ ಮನೆಗಳು ಏಳುತ್ತಿದ್ದ ಎಪ್ಪತ್ತರ ಕಾಲದಲ್ಲಿ ಪಾಯಕ್ಕೆ ಸೈಜುಗಲ್ಲು ಒಡೆದು ಬದುಕಿದವನು. ಕಲ್ಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಅನ್ನುವ ಜಂಬವಿತ್ತು. ಮೂರು ವರ್ಷದ ಹಿಂದೆ ಆ ಜಂಬವೇ ಅವಳ ಓದನ್ನು ಮುಳುಗಿಸುವುದರಲ್ಲಿತ್ತು.

ರಾಮನಗರದ ಕಡೆಯ ಹನ್ನೆರಡು ಜಾಗಗಳಿಂದ ಹನ್ನೆರಡು ಕಲ್ಲು ತಂದು ಹಿತ್ತಲಲ್ಲಿ ಜೋಡಿಸಿದ್ದಳು. ಒಂದೊಂದರ ಮೇಲೂ ಬಿಳಿ ಬಣ್ಣದ ನಂಬರು. ಕಲ್ಲುಗಳೋ, ಮುಕ್ಕು ಮೂಲೆ, ಸೊಟ್ಟ ಮುಖ. ಕಲ್ಲುಕುಟಿಗನ ಮನೆಯ ಹುಡುಗಿ ಇಂಥದ್ದನ್ನು ಮೇಷ್ಟ್ರ ಮುಂದೆ ಇಡುವುದೇ ಅನ್ನಿಸಿ, ಅವಳು ಕಾಲೇಜಿಗೆ ಹೋದಾಗ ಉಳಿ ಹಿಡಿದು ಕೂತೆ. ಎಲ್ಲವನ್ನೂ ಒಂದೇ ಅಳತೆಗೆ ತಂದೆ. ನಮ್ಮ ಕಸುಬಿನಲ್ಲಿ ಕೆತ್ತಿದ ಮುಖದ ಮೇಲೆ ಬಣ್ಣ ಉಳಿಯಬಾರದು. ನಂಬರುಗಳೂ ಹೋದವು.

ಸಂಜೆ ನೋಡಿದವಳು ಒಂದೊಂದು ಕಲ್ಲನ್ನೂ ತಿರುಗಿಸಿ ನಂಬರು ಹುಡುಕಿದಳು. "ಯಾವ್ದು ಎಲ್ಲೀದು ಅಂತ ಹೆಂಗೆ ಹೇಳ್ಲಿ ತಾತ? ಒಂದು ವರ್ಷದ ಕೆಲ್ಸ ಇದು."

ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಅವಳು ಕಣ್ಣೊರೆಸಿಕೊಂಡು, "ನಿನ್ ಕಿವೀನ ನಾನು ನಂಬ್ತೀನಿ, ನಮ್ ಮೇಷ್ಟ್ರು ನಂಬಲ್ಲ" ಅಂದಳು.

ಹಾಗಾಗಿ ಇಬ್ಬರೂ ಬಸ್ಸು ಹತ್ತಿ ಹನ್ನೆರಡೂ ಕಡೆ ಮತ್ತೆ ಹೋದೆವು. ವಾಪಸು ಬರುವಾಗೊಮ್ಮೆ ನನ್ನ ಚೀಲ ಎತ್ತಿ ನೋಡಿದ ಕಂಡಕ್ಟರು, ಬೆಂಗಳೂರಲ್ಲಿ ಕಲ್ಲಿಗೆ ಬರವಾ ಯಜಮಾನ್ರೆ ಅಂತ ಕೇಳಿದ. ಅವಳು ತೋರಿಸಿದ ಕಡೆ ಒಡೆದೆ. ನಂಬರು ಬಿದ್ದ ಮೇಲೆ ಕೈಕಟ್ಟಿ ಕೂತೆ. ಒಂದು ದಿನ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದಾಗ, ಇವನ್ನು ಪುಡಿ ಮಾಡಿ ಏನು ಹುಡುಕುತ್ತೀಯ ಎಂದು ಮೊದಲ ಸಲ ಕೇಳಿದೆ.

ಎಂದೋ ಎರಡು ದೊಡ್ಡ ನೆಲಗಳು ಸರಿದು ಬಂದು ಗುದ್ದಿಕೊಂಡವಂತೆ. ಅಡಿಯ ನೆಲ ಕಾದು ಕರಗಿ, ಮೇಲೇರಿ, ನಿಧಾನವಾಗಿ ಆರಿ ಈ ಕೆಂಪು ಕಲ್ಲಾಯಿತಂತೆ. ಕಲ್ಲಿನೊಳಗೆ ಯಾವ ಅಂಶ ಎಷ್ಟಿದೆ ಎಂದು ಅಳೆದರೆ, ಕರಗಿದ್ದು ಎಂಥ ನೆಲ ಎಂದು ತಿಳಿಯುತ್ತದಂತೆ. ಸಾರಿನ ರುಚಿ ನೋಡಿ ಬೇಳೆ ಯಾವುದು ಅಂತ ಹೇಳಿದ ಹಾಗೆ ಅಂದೆ.

"ಹೂಂ ತಾತ. ಆದ್ರೆ ಕೇಳೋಕೆ ಸಾರು ಮಾಡ್ದೋರು ಯಾರೂ ಇಲ್ಲ."

ಕೈಯಲ್ಲಿದ್ದ ಚೂರನ್ನು ನೋಡುತ್ತ ಕೂತೆ. ನಲವತ್ತು ವರ್ಷ ಕಲ್ಲು ಎಲ್ಲಿ ಬಿರಿಯುತ್ತದೆ ಎಂದಷ್ಟೇ ಹುಡುಕಿದ್ದೆ. ಹೇಗೆ ಕೂಡಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನಿನ್ನೆ ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆಯನ್ನೂ ಕೂರಿಸಿ ಮಗನೇ ಒಬ್ಬಟ್ಟು ಬಡಿಸಿದ. ನೆಲಗಳು ಗುದ್ದಿಕೊಂಡ ಮಾತು ಬಂದಾಗ ಸೊಸೆ ತನ್ನ ಮಗಳ ಕಡೆ ತಿರುಗಿ, "ಹಂಗಾದ್ರೆ ನಮ್ ರುಬ್ಬೋ ಕಲ್ಲೂ ಆ ಗುದ್ದಾಟದ್ದೇನಾ?" ಎಂದಳು.

ಮಂಜುಳ ಬಾಯಿ ತುಂಬ ಒಬ್ಬಟ್ಟು ಇಟ್ಟುಕೊಂಡೇ, "ತಾತನ್ನ ಕೇಳಮ್ಮ" ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ತಿಳಿದಷ್ಟು ನಾನು ಹೇಳಿದೆ, ಮಿಕ್ಕಿದ್ದನ್ನು ಅವಳು ಹೇಳಿದಳು. ಎಂಜಲು ಕೈ ಒಣಗಿದರೂ ಯಾರೂ ಏಳಲಿಲ್ಲ.