ನೂರಕ್ಕೆ ಎಪ್ಪತ್ತೆರಡು

ನಮ್ಮ ಮನೆಯಲ್ಲಿ ಅಡುಗೆಕೋಣೆ ಒಂದೇ, ಸಂಸಾರ ನಾಲ್ಕು. ಕಪಿತೊಲಿನಾ ಯೆಗೊರೊವ್ನಾ ನನ್ನ ಪಕ್ಕದ ಕೋಣೆಯವಳು. ಬಂದರಿನ ಹವಾಮಾನ ಕಚೇರಿಯಲ್ಲಿ ಗಾಳಿ ಅಳೆದು ಬರೆಯುವುದು ಅವಳ ಕೆಲಸ. ಮನೆಗೆ ಬಂದರೆ ಇಸ್ಪೀಟು ಹರಡಿಕೊಂಡು ಒಬ್ಬಳೇ ಆಡುವುದು, ಅದನ್ನೂ ಬರೆಯುವುದು. ಏಳು ಸಾಲಿನ ಅದೇ ಆಟ, ಬೇರೆ ಬೇರೆ ನಿಯಮ. ಕೈಯಲ್ಲಿ ಉಳಿದ ಎಲೆಗಳನ್ನು ಮೂರು ಮೂರಾಗಿ ತಿರುವಿದರೆ ನೂರಕ್ಕೆ ಹನ್ನೊಂದು ಆಟ ಕೂಡಿಬರುತ್ತದೆ. ಒಂದೊಂದಾಗಿ ತಿರುವಿದರೆ ಮೂವತ್ತನಾಲ್ಕು. ಅದರ ಜೊತೆಗೆ, ಖಾಲಿಯಾದ ಸಾಲಿಗೆ ರಾಜನೇ ಬೇಕೆನ್ನದೆ ಯಾವ ಎಲೆಯನ್ನಾದರೂ ಇಡಬಹುದು ಎಂದರೆ ಎಪ್ಪತ್ತೆರಡು. ಹದಿನಾರು ವರ್ಷದ ಲೆಕ್ಕ, ಒಂದೊಂದು ಬಗೆಗೆ ಸಾವಿರ ಆಟ.

"ಯಾರಿಗೇ ಒಪ್ಪಿಸ್ಬೇಕು ಇದನ್ನೆಲ್ಲ?" ಎಂದು ನಾನು ಛೇಡಿಸಿದರೆ, "ಸುಮ್ನಿರೇ ಫೈನಾ, ಐವತ್ತು ಆಟಕ್ಕೆಲ್ಲ ನಿಜ ಗೊತ್ತಾಗಲ್ಲ" ಎನ್ನುತ್ತಿದ್ದಳು.

ಬಿಳಿ ಸಮುದ್ರದಲ್ಲಿ ದೋಣಿ ತಡವಾದರೆ ನಮ್ಮ ಹೆಂಗಸರು ಎಲೆ ಹಾಕಿಸುತ್ತಾರೆ. ಒಂದು ಪ್ರಶ್ನೆಗೆ ಒಂದೇ ಆಟ. ಕೂಡಿಬಂದರೆ ಗಂಡ ಬರುತ್ತಾನೆ. ಯೆಗೊರೊವ್ನಾಳ ಕೈಗುಣ ಒಳ್ಳೆಯದೆಂದು ಎಲ್ಲರೂ ಅವಳ ಹತ್ತಿರವೇ ಬರುತ್ತಿದ್ದರು. ಕೈಗುಣವಂತೆ! ಬಂದವರಿಗೆಲ್ಲ ಆ ಎಪ್ಪತ್ತೆರಡರ ಆಟವನ್ನೇ ಹಾಕುತ್ತಿದ್ದಳು. ಐದು ವರ್ಷದ ಹಿಂದೆ ನನ್ನ ಗಂಡ ಲಾವ್ರನಿಗಾಗಿ ಹಾಕಿದ ಆಟವೂ ಕೂಡಿಬಂದಿತ್ತು. ಮೀನಿನ ಕಡುಬು ಮಾಡಿಟ್ಟು ಕಾದೆ. ಲಾವ್ರ ಬರಲೇ ಇಲ್ಲ. ಸಿಟ್ಟಿನಲ್ಲಿ ಅವಳ ಪುಸ್ತಕ ಕಿತ್ತುಕೊಂಡು ಓದಿದಾಗಲೇ ನನಗೆ ಈ ಎಪ್ಪತ್ತೆರಡರ ವಿಷಯ ತಿಳಿದದ್ದು. ಆ ಚಳಿಗಾಲವಿಡೀ ಅವಳ ಜೊತೆ ಮಾತು ಬಿಟ್ಟಿದ್ದೆ.

ಈ ಮಾರ್ಚಿನಲ್ಲಿ ಅವಳ ಗಂಡ ಅರ್ಸೇನಿಯ ದೋಣಿಯಿಂದ ರೇಡಿಯೋ ಸದ್ದು ನಿಂತು ನಾಲ್ಕು ದಿನವಾಯಿತು. ಅಂದಿನ ಗಾಳಿಯನ್ನು ಅಳೆದು ಬರೆದವಳು ಅವಳೇ. ಅಂಥ ಗಾಳಿಗೆ ಸಿಕ್ಕ ದೋಣಿಗಳಲ್ಲಿ ಎಷ್ಟು ಮರಳಿವೆ ಎಂಬುದೂ ಅವಳಿಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಧೈರ್ಯ ಬರಲಿಲ್ಲ. ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತಿದ್ದೆ, ಬಂದು ಎಲೆಕಟ್ಟನ್ನು ನನ್ನ ಮುಂದಿಟ್ಟಳು.

"ನೀನು ಹಾಕೇ. ನನ್ನ ಕೈಲಿ ಆಗಲ್ಲ."

"ಯಾವ ಆಟ?"

"ಅದನ್ನ ನನಗೆ ಹೇಳ್ಬೇಡ."

ಕೈ ಒರೆಸಿಕೊಂಡು ಏಳು ಸಾಲು ಹಾಕಿದೆ. ಒಂದೊಂದಾಗಿ ತಿರುವುತ್ತ ಹೋದೆ. ಒಂದು ಸಾಲು ಖಾಲಿಯಾಯಿತು, ರಾಜ ಎಲ್ಲೂ ಕಾಣಲಿಲ್ಲ. ನಾನಾದರೂ ಏನು ಮಾಡಲಿ? ಕರಿ ಒಂಬತ್ತನ್ನು ಅಲ್ಲಿಟ್ಟೆ.

"ಎಪ್ಪತ್ತೆರಡು" ಎಂದಳು ಮೆಲ್ಲಗೆ.

"ಬಾಯ್ಮುಚ್ಕೊಂಡು ಕೂತ್ಕೊ!" ಎಂದು ಗದರಿದೆ. ಊರಿಗೆಲ್ಲ ಅವಳು ಕೊಟ್ಟ ಸಮಾಧಾನವನ್ನು ಅವಳಿಗೊಬ್ಬಳಿಗೆ ಯಾರೂ ಕೊಡುವ ಹಾಗಿರಲಿಲ್ಲ.

ಆಟ ಕೂಡಿಬಂತು. ನಾಲ್ಕು ಗುಡ್ಡೆಯ ಮೇಲೆ ನಾಲ್ಕು ರಾಜರು. ಅವಳು ಅವನ್ನೇ ನೋಡುತ್ತ ಕೂತಳು.

"ನಿಂದೂ ಕೂಡಿಬಂದಿತ್ತು, ಅಲ್ವಾ ಫೈನಾ?"

"ಹೂಂ. ಬಂದಿತ್ತು."

ಅವಳು ಎದ್ದು ಡಬ್ಬಿಯಿಂದ ಹಿಟ್ಟು ಸುರಿದುಕೊಂಡು ಕಡುಬಿಗೆ ನಾದತೊಡಗಿದಳು. ನಾನು ಮೀನು ಹೆಚ್ಚಿಕೊಟ್ಟೆ.